ನೇಗಿಲಿನಿಂದ ಶುರುವಾದ ಸ್ಪೆಲಿಂಗ್ ಪಾಠ

ಬಯಲುಸೀಮೆಯ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ಇಂಗ್ಲಿಷ್ ಕಲಿಸತೊಡಗಿದ ಮೊದಲ ವರ್ಷ, ಓ-ಯು-ಜಿ-ಎಚ್ ಎಂಬ ನಾಲ್ಕು ಅಕ್ಷರಗಳು ಒಟ್ಟಾಗಿ ಬರುವ ಪದಗಳನ್ನೆಲ್ಲ ಒಂದೇ ದಿನ ಕರಿಹಲಗೆಯ ಮೇಲೆ ಬರೆದು, ಎದುರಿಗೆ ಅರ್ಥ ಕೊಟ್ಟು, ಬಾಯಿಪಾಠ ಮಾಡಿಕೊಂಡು ಬರಲು ಹೇಳಿದ್ದೆ. ಮರುದಿನದ ಉಕ್ತಲೇಖನವನ್ನು ತಿದ್ದಲು ಕುಳಿತಾಗ ತಪ್ಪು ನನ್ನದೆಂದು ತಿಳಿಯಿತು. ಅಪ್ಪ ಹಸು ಕೊಂಡರು ಎನ್ನಬೇಕಾದಲ್ಲಿ ಒಬ್ಬ ಹುಡುಗಿ ‘ಬಾಟ್’ ಬಿಟ್ಟು ‘ಥಾಟ್’ ಬರೆದು, ಅಪ್ಪ ಹಸುವನ್ನು ಯೋಚಿಸುವಂತೆ ಮಾಡಿದ್ದಳು. ಹಲವರ ಪುಸ್ತಕದಲ್ಲಿ ಪ್ರತಿ ಪದದ ನೆತ್ತಿಯ ಮೇಲೂ ಪೆನ್ಸಿಲಿನಲ್ಲಿ ಕನ್ನಡದ ಉಚ್ಚಾರಣೆ ಇತ್ತು: ಕೆಮ್ಮಿಗೆ ‘ಕೌಘ್’, ನೇಗಿಲಿಗೆ ‘ಪ್ಲೌಘ್’. ಬರೆದಂತೆ ಓದುವ ಲಿಪಿಯಲ್ಲಿ ಬೆಳೆದ ಮಕ್ಕಳು ಬೇರೆ ಹೇಗೆ ತಾನೇ ಓದಿಯಾರು?

ಆ ಪಟ್ಟಿಯನ್ನು ಮತ್ತೆ ನೋಡಿದಾಗ ಹೊಳೆದ ಸಂಗತಿಯೆಂದರೆ, ಅದರಲ್ಲಿರುವ ಎಷ್ಟೋ ಪದಗಳು ರೈತನ ಮನೆಯವು. ‘ಪ್ಲೌ’ ಎಂದರೆ ನೇಗಿಲು, ‘ಟ್ರಾಫ್’ ಎಂದರೆ ದನಗಳಿಗೆ ಕಲಗಚ್ಚು ಹಾಕುವ ಬಾನಿ, ‘ಡ್ರೌಟ್’ ಎಂದರೆ ಬರ, ‘ಬೌ’ ಎಂದರೆ ಮರದ ದೊಡ್ಡ ಕೊಂಬೆ, ‘ಡೋ’ ಎಂದರೆ ಕಲಸಿಟ್ಟ ಹಿಟ್ಟು. ಹೋಳಿಗೆಯ ಕಣಕವನ್ನು ನೋಡದ ಮಗು ನಮ್ಮ ತರಗತಿಯಲ್ಲಿ ಒಂದೂ ಇರಲಿಲ್ಲ. ಬರವನ್ನಂತೂ ಅವರಿಗೆ ನಾನು ವಿವರಿಸಬೇಕಾಗಿಯೇ ಇರಲಿಲ್ಲ. ಅರ್ಥ ಅವರಲ್ಲಿ ಆಗಲೇ ಇತ್ತು, ಕಷ್ಟವಿದ್ದದ್ದು ಧ್ವನಿಯಲ್ಲಿ.

ಹಾಗಾಗಿ ಮರುವರ್ಷ ಪದಗಳನ್ನು ಕಣ್ಣಿಗೆ ಕಾಣುವ ಅಕ್ಷರದಿಂದಲ್ಲದೆ ಕಿವಿಗೆ ಬೀಳುವ ಧ್ವನಿಯಿಂದ ಗುಂಪು ಮಾಡಿ, ವಾರಕ್ಕೆ ಒಂದೇ ಗುಂಪನ್ನು ತೆಗೆದುಕೊಂಡೆ. ಮೊದಲ ವಾರ ‘ಔ’ ಗುಂಪು: ನೇಗಿಲು, ಕೊಂಬೆ, ಬರ. ಎರಡನೆಯ ವಾರ ಕೊನೆಯಲ್ಲಿ ‘ಫ್’ ಕೇಳಿಸುವವು: ‘ಟಫ್’, ‘ರಫ್’, ‘ಇನಫ್’, ‘ಕಾಫ್’, ‘ಟ್ರಾಫ್’. ಇವುಗಳಲ್ಲಿ ಮೊದಲೆರಡನ್ನು ಕನ್ನಡದಲ್ಲೇ ದಿನಕ್ಕೆ ಹತ್ತು ಸಲ ಆಡುವುದರಿಂದ ಧ್ವನಿ ಹೇಳಿಕೊಡುವ ಕೆಲಸವೇ ಉಳಿಯಲಿಲ್ಲ. ‘ರಫ್ ಬುಕ್’ನ ರಟ್ಟಿನ ಮೇಲೆ ಆ ಪದವನ್ನು ಪೂರ್ತಿ ಸ್ಪೆಲಿಂಗಿನೊಂದಿಗೆ ಬರೆಸಿದೆ, ಅಷ್ಟೇ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ‘ಆಟ್’ ಗುಂಪು. ನಾಲ್ಕು ಅಕ್ಷರಗಳ ಹಿಂದೆಯೇ ಟಿ ಬಂದರೆ ಸಾಮಾನ್ಯವಾಗಿ ‘ಆಟ್’ ಎಂದೇ ಓದಬೇಕು, ಮತ್ತು ಹಾಗೆ ಬರುವ ಪದಗಳಲ್ಲಿ ಹೆಚ್ಚಿನವು ಭೂತಕಾಲದ ಕ್ರಿಯಾಪದಗಳು: ಬೈ–ಬಾಟ್, ಬ್ರಿಂಗ್–ಬ್ರಾಟ್, ಥಿಂಕ್–ಥಾಟ್, ಫೈಟ್–ಫಾಟ್, ಸೀಕ್–ಸಾಟ್. ಒಂಟಿ ಪದವನ್ನು ಎಂದೂ ಬರೆಸದೆ ಜೋಡಿಯನ್ನೇ ಬರೆಸಿದ್ದರಿಂದ ‘ಕೊಂಡರು’ ಮತ್ತು ‘ಯೋಚಿಸಿದರು’ ಅದಲುಬದಲಾಗುವುದು ಬಹುಮಟ್ಟಿಗೆ ನಿಂತಿತು. ನಿಯಮ ಮೀರುವ ‘ಡ್ರೌಟ್’ ಮೊದಲ ವಾರವೇ ‘ಔ’ ಗುಂಪಿನಲ್ಲಿ ಕುಳಿತಿದ್ದರಿಂದ ತೊಂದರೆ ಕೊಡಲಿಲ್ಲ. ಕ್ಯಾಚ್–ಕಾಟ್, ಟೀಚ್–ಟಾಟ್ ಎಂಬ ಜೋಡಿಗಳೂ ಕಿವಿಗೆ ಹೀಗೇ ಕೇಳಿಸುತ್ತವೆ, ಆದರೆ ಅವುಗಳಲ್ಲಿ ಓ ಇರುವ ಜಾಗದಲ್ಲಿ ಎ ಇರುವುದರಿಂದ, ಅವನ್ನು ಬೇಕೆಂದೇ ಹದಿನೈದು ದಿನ ಮುಂದಕ್ಕೆ ಹಾಕಿದೆ.

“ಸರ್, ಓದದೇ ಇರೋ ಅಕ್ಷರ ಯಾಕೆ ಬರೀಬೇಕು?” ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ಇಂಗ್ಲಿಷಿನಲ್ಲಿ ಹಾಗೇ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆ ಜಿ-ಎಚ್ ಒಂದು ಕಾಲಕ್ಕೆ ನಿಜವಾಗಿ ಉಚ್ಚರಿಸುತ್ತಿದ್ದ ಧ್ವನಿ. ಸಂಸ್ಕೃತ ಬಲ್ಲವರು ‘ಅಂತಃಕರಣ’ ಎನ್ನುವಾಗ ವಿಸರ್ಗದ ಜಾಗದಲ್ಲಿ ಗಂಟಲನ್ನು ಉಜ್ಜಿಕೊಂಡು ಬರುವ ಉಸಿರಿಗೆ ಅದು ಹತ್ತಿರವಾದದ್ದು. ಕಾಲಕ್ರಮದಲ್ಲಿ ಆ ಧ್ವನಿ ಕೆಲವೆಡೆ ಪೂರ್ತಿ ಅಳಿಯಿತು, ಕೆಲವೆಡೆ ‘ಫ್’ ಆಯಿತು. ಆದರೆ 1476ರಲ್ಲಿ ಕ್ಯಾಕ್ಸ್ಟನ್ ಇಂಗ್ಲೆಂಡಿನಲ್ಲಿ ಅಚ್ಚುಕೂಟ ತೆರೆದ ನಂತರ ಮುದ್ರಕರ ಕೈಯಲ್ಲಿ ಸ್ಪೆಲಿಂಗ್ ಮೆಲ್ಲಮೆಲ್ಲನೆ ಗಟ್ಟಿಯಾಗುತ್ತ ಬಂದುದರಿಂದ, ಧ್ವನಿ ಹೋದರೂ ಅಕ್ಷರ ಉಳಿಯಿತು. ನಾವು ಹಾಗೆ ಮಾಡಲಿಲ್ಲ. ಹಳಗನ್ನಡದ ‘ಮೞೆ’ಯಲ್ಲಿದ್ದ ಧ್ವನಿ ಹೋದಾಗ ಅದರ ಅಕ್ಷರವನ್ನೂ ಬಿಟ್ಟು ‘ಮಳೆ’ ಎಂದು ಬರೆಯತೊಡಗಿದೆವು. ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿದಾಗ ಹುಡುಗ ಸುಮ್ಮನಾದ. ಅಮೆರಿಕದವರು ನೇಗಿಲನ್ನು ಪಿ-ಎಲ್-ಓ-ಡಬ್ಲ್ಯು ಎಂದು ಚುಟುಕಾಗಿ ಬರೆಯುತ್ತಾರೆಂದು ತಿಳಿದಾಗ ಮಾತ್ರ, ನಾವೂ ಅದನ್ನೇ ಬರೆಯೋಣವೆಂದು ಇಡೀ ತರಗತಿ ಒಕ್ಕೊರಲಿನಿಂದ ಕೇಳಿಕೊಂಡಿತು.

ಐ-ಜಿ-ಎಚ್-ಟಿ ಗುಂಪಿಗೆ ಎರಡು ಪೀರಿಯಡ್ ಸಾಕಾಯಿತು. ‘ನೈಟ್’, ‘ಲೈಟ್’, ‘ರೈಟ್’, ‘ಟೈಟ್’ ಎಲ್ಲವೂ ಒಂದೇ ರಾಗ. ಆ ‘ನೈಟ್’ ನಮ್ಮ ನಕ್ತವ್ರತದ ‘ನಕ್ತ’ದ ದಾಯಾದಿಯೆಂದೂ, ‘ಏಟ್’ ಎಂಬುದು ‘ಅಷ್ಟ’ದ ದಾಯಾದಿಯೆಂದೂ ಹೇಳಿದೆ. ‘ಡಿಲೈಟ್’ ಮಾತ್ರ ಈ ಮನೆತನದ್ದಲ್ಲ. ಫ್ರೆಂಚಿನಿಂದ ಬಂದ ಆ ಪದಕ್ಕೆ ‘ಲೈಟ್’ ಮೊದಲಾದವನ್ನು ನೋಡಿ ನಂತರದವರು ಜಿ-ಎಚ್ ಅಂಟಿಸಿದರು.

ಕೊನೆಗೂ ಕಾಟ ಕೊಡುತ್ತಿರುವುದು ಮೂರು ಪದಗಳು: ಆದರೂ ಎಂಬರ್ಥದ ‘ದೋ’, ಮೂಲಕ ಎಂಬರ್ಥದ ‘ಥ್ರೂ’, ಕೂಲಂಕಷ ಎಂಬರ್ಥದ ‘ಥರ’. ಇವುಗಳಿಗೆ ತೋರಿಸಲು ಬಾನಿಯೂ ಇಲ್ಲ, ಕಣಕವೂ ಇಲ್ಲ. ಸದ್ಯಕ್ಕೆ ‘ಥ್ರೂ’ ಪದವನ್ನು ಕಿಟಕಿಯ ಸರಳಿನ ನಡುವೆ ಸೀಮೆಸುಣ್ಣ ತೂರಿಸಿ ಕಲಿಸುತ್ತಿದ್ದೇನೆ. ಉಳಿದೆರಡನ್ನು ವಾಕ್ಯಗಳಲ್ಲಿ ಬಂದಾಗಲೆಲ್ಲ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೇನೆ.