ಸಾಫ್ಟ್‌ಬಾಲ್‌ನಲ್ಲಿ ಕೌಂಟ್ ತಪ್ಪಿದರೆ ಮುಂದಿನ ಎಸೆತಕ್ಕೆ ಮೊದಲೇ ಬಾಯಿಬಿಡಿ

ಅಮೆರಿಕಕ್ಕೆ ಬಂದ ಮೇಲೆ ನಮ್ಮವರು ಅನೇಕರು ಆಫೀಸಿನ ಸಾಫ್ಟ್‌ಬಾಲ್ ತಂಡಕ್ಕೆ ಸೇರುತ್ತಾರೆ. ಇಲ್ಲವೇ ಮಗಳನ್ನು ಲೀಗ್‌ಗೆ ಹಾಕುತ್ತಾರೆ. ನಾಲ್ಕು ಬಾಲ್‌ಗೆ (ಸ್ಟ್ರೈಕ್ ವಲಯದ ಹೊರಗೆ ಹೋಗಿ, ಬ್ಯಾಟರ್ ಬೀಸದೆ ಬಿಟ್ಟ ಎಸೆತ) ವಾಕ್, ಅಂದರೆ ಮೊದಲ ಬೇಸಿಗೆ ಪುಕ್ಕಟೆ ನಡಿಗೆ, ಮೂರು ಸ್ಟ್ರೈಕ್‌ಗೆ (ಬೀಸಿ ತಪ್ಪಿದ, ಇಲ್ಲವೇ ವಲಯದೊಳಗೆ ಬಂದ ಎಸೆತ) ಔಟ್ ಅನ್ನುವುದು ಒಂದೇ ಸಂಜೆಯಲ್ಲಿ ತಲೆಗೆ ಹತ್ತುತ್ತದೆ. ಅದನ್ನು ಇಲ್ಲಿ ಹೆಚ್ಚು ವಿವರಿಸುವುದಿಲ್ಲ. ಆದರೆ ಕೌಂಟ್ (ಒಬ್ಬ ಬ್ಯಾಟರ್‌ಗೆ ಆದ ಬಾಲ್ ಮತ್ತು ಸ್ಟ್ರೈಕ್‌ಗಳ ಲೆಕ್ಕ) ಎಷ್ಟು ಅನ್ನುವುದೇ ಗೊಂದಲವಾದರೆ ಅಂಪೈರ್ ಏನು ಮಾಡುತ್ತಾರೆ, ನಾವೇನು ಮಾಡಬೇಕು? ಇದನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಹೊಸಬರು ಪ್ರತಿ ಸೀಸನ್‌ನಲ್ಲೂ ಎಡವುವುದು ಇಲ್ಲೇ.

ಇದಕ್ಕೆ ಅರ್ಧ ಕಾರಣ ಕ್ರಿಕೆಟ್. ಕ್ರಿಕೆಟ್ ನಿಯಮ 17.5ರ ಪ್ರಕಾರ ಅಂಪೈರ್ ಎಸೆತಗಳನ್ನು ತಪ್ಪು ಎಣಿಸಿದರೂ ಅವರು ಎಣಿಸಿದ್ದೇ ಓವರ್. 2019ರ ಜನವರಿಯಲ್ಲಿ ಪರ್ತ್‌ನಲ್ಲಿ ನಡೆದ ಬಿಗ್ ಬ್ಯಾಷ್ ಪಂದ್ಯದಲ್ಲಿ ಮೈಕೆಲ್ ಕ್ಲಿಂಗರ್ ಓವರಿನ ಏಳನೇ ಎಸೆತಕ್ಕೆ ಕ್ಯಾಚ್ ಕೊಟ್ಟರು. ಔಟ್ ಅಂದರೆ ಔಟೇ, ಅವರು ಹೊರಗೆ ನಡೆದರು. ಇಂಥದ್ದನ್ನು ನೋಡಿ ಬೆಳೆದ ನಾವು ಅಂಪೈರ್ ಎಣಿಕೆಯನ್ನು ಪ್ರಶ್ನಿಸುವುದೇ ತಪ್ಪು ಅಂದುಕೊಂಡು ಸುಮ್ನೆ ಇದ್ದುಬಿಡುತ್ತೇವೆ.

ಸಾಫ್ಟ್‌ಬಾಲ್‌ನಲ್ಲಿ ಹಾಗಿಲ್ಲ. ಒಂದು ಎಸೆತ ಬಾಲೋ ಸ್ಟ್ರೈಕೋ ಅನ್ನುವುದು ಅಂಪೈರ್ ತೀರ್ಪು. ಅದರ ಬಗ್ಗೆ ವಾದ ಬೇಡ, ಮಾಡಿದರೆ ನಿಮ್ಮನ್ನೇ ಮೈದಾನದಿಂದ ಕಳಿಸುತ್ತಾರೆ. ಆದರೆ ಈವರೆಗೆ ಎಷ್ಟು ಬಾಲ್, ಎಷ್ಟು ಸ್ಟ್ರೈಕ್ ಆಗಿದೆ ಅನ್ನುವುದು ಬರೀ ಲೆಕ್ಕ. ಲೆಕ್ಕ ತಪ್ಪಿದ್ದರೆ ತಿದ್ದಬಹುದು, ಅಂಪೈರ್ ತಿದ್ದುತ್ತಾರೆ ಕೂಡ. ನನ್ನ ಮಟ್ಟಿಗೆ ಇದೇ ಒಳ್ಳೆಯ ಪದ್ಧತಿ. ಒಬ್ಬರ ಬೆರಳು ಜಾರಿದ್ದಕ್ಕೆ ಇನ್ನೊಬ್ಬರ ಆಟ ಯಾಕೆ ಮುಗಿಯಬೇಕು, ಅಲ್ವಾ?

ಕೌಂಟ್ ತಪ್ಪುವುದು ಹೇಗೆ? ಬ್ಯಾಟರ್ ಹಿಂದೆ ನಿಲ್ಲುವ ಪ್ಲೇಟ್ ಅಂಪೈರ್ ಎಡಗೈಯಲ್ಲಿ ಇಂಡಿಕೇಟರ್ ಅನ್ನುವ ಸಣ್ಣ ಕ್ಲಿಕ್ಕರ್ ಇರುತ್ತದೆ. ಪ್ರತಿ ಎಸೆತಕ್ಕೂ ಅದರ ಚಕ್ರ ತಿರುಗಿಸಬೇಕು. ಎಸೆತ ಕ್ಯಾಚರ್ ಕೈ ತಪ್ಪಿ ಹೋಗಿ, ಅದೇ ಹೊತ್ತಿಗೆ ರನ್ನರ್ ಓಡಿ, ಎಲ್ಲರ ಕಣ್ಣು ಅತ್ತ ಹೋದಾಗ ಚಕ್ರ ತಿರುಗಿಸುವುದು ಮರೆತುಹೋಗುತ್ತದೆ. ಫಾಸ್ಟ್‌ಪಿಚ್‌ನಲ್ಲಿ (ಚೆಂಡನ್ನು ಜೋರಾಗಿ ಎಸೆಯುವ ಸಾಫ್ಟ್‌ಬಾಲ್) ಇಲ್ಲೀಗಲ್ ಪಿಚ್, ಅಂದರೆ ನಿಯಮ ಮೀರಿದ ಎಸೆತ, ಆದರೆ ಬ್ಯಾಟರ್ ಲೆಕ್ಕಕ್ಕೆ ಒಂದು ಬಾಲ್ ಸೇರುತ್ತದೆ. ಅದು ಹೊಸಬರ ಗಮನಕ್ಕೇ ಬರುವುದಿಲ್ಲ. ಸ್ಲೋಪಿಚ್ (ಚೆಂಡನ್ನು ನಿಧಾನವಾಗಿ ಎತ್ತರಕ್ಕೆ ಎಸೆಯುವ ಬಗೆ) ಲೀಗ್‌ಗಳಲ್ಲಿ ಎಷ್ಟೋ ಕಡೆ ಕೌಂಟ್ ಶುರುವಾಗುವುದೇ 1-1ರಿಂದ, ಅಂದರೆ ಒಂದು ಬಾಲ್, ಒಂದು ಸ್ಟ್ರೈಕ್‌ನಿಂದ. ಬೇಸ್ ಮೇಲೆ ಮೂರನೇ ಔಟ್ ಆಗಿ ಇನಿಂಗ್ಸ್ ಮುಗಿದರೆ, ಆಗ ಆಡುತ್ತಿದ್ದ ಬ್ಯಾಟರ್ ಮುಂದಿನ ಇನಿಂಗ್ಸ್‌ನಲ್ಲಿ ಹೊಸ ಕೌಂಟ್‌ನೊಂದಿಗೆ ಬರುತ್ತಾರೆ. ಮಧ್ಯದಲ್ಲಿ ಬದಲಿ ಬ್ಯಾಟರ್ ಬಂದರೆ ಮಾತ್ರ ಹಳೆಯ ಕೌಂಟೇ ಮುಂದುವರಿಯುತ್ತದೆ.

ಇನ್ನೊಂದು ವಿಷಯ. ಅಂಪೈರ್ ಬಾಲ್‌ಗಳನ್ನು ಎಡಗೈ ಬೆರಳಲ್ಲಿ, ಸ್ಟ್ರೈಕ್‌ಗಳನ್ನು ಬಲಗೈ ಬೆರಳಲ್ಲಿ ತೋರಿಸುತ್ತಾರೆ. ಬಾಯಲ್ಲಿ ಹೇಳುವಾಗ ಬಾಲ್ ಮೊದಲು. ನೀವು ಫೀಲ್ಡ್‌ನಲ್ಲಿ ಅವರಿಗೆ ಎದುರು ನಿಂತಿದ್ದರೆ ಅವರ ಎಡಗೈ ನಿಮ್ಮ ಬಲಕ್ಕೆ ಕಾಣುತ್ತದೆ. 2-1 ಇದ್ದದ್ದನ್ನು 1-2 ಅಂತ ಓದಿಕೊಂಡು ಗಲಾಟೆ ಮಾಡಿದವರನ್ನು ನೋಡಿದ್ದೇನೆ. ಮೊದಲು ಅದನ್ನು ಸರಿಯಾಗಿ ಓದಿ.

ಅನುಮಾನ ಬಂದಾಗ ಒಳ್ಳೆಯ ಅಂಪೈರ್ ಟೈಮ್ ಕೂಗಿ ಆಟ ನಿಲ್ಲಿಸುತ್ತಾರೆ. ಇಂಡಿಕೇಟರ್ ನೋಡಿಕೊಳ್ಳುತ್ತಾರೆ. ಅದರ ಮೇಲೂ ನಂಬಿಕೆ ಬರದಿದ್ದರೆ ಬೇಸ್ ಅಂಪೈರ್ ಹತ್ತಿರ ಹೋಗಿ, ಬೇರೆಯವರಿಗೆ ಕೇಳಿಸದಂತೆ ಮಾತಾಡುತ್ತಾರೆ. ಅಲ್ಲೂ ಬಗೆಹರಿಯದಿದ್ದರೆ ಅಧಿಕೃತ ಸ್ಕೋರ್ ಬುಕ್ ಕೇಳುತ್ತಾರೆ. ಸಾಮಾನ್ಯವಾಗಿ ಅದು ಹೋಮ್ ತಂಡದ ಪುಸ್ತಕ. ಕೆಲವರು ಒಂದೊಂದೇ ಎಸೆತ ನೆನಪಿಸಿಕೊಂಡು ಎಣಿಸುತ್ತಾರೆ: ಮೊದಲನೆಯದು ಫೌಲ್, ಎರಡನೆಯದು ಹೊರಗೆ ಹೋಯಿತು, ಹೀಗೆ. ಆಮೇಲೆ ಕೌಂಟ್ ಇಷ್ಟು ಅಂತ ಎಲ್ಲರಿಗೂ ಕೇಳುವಂತೆ ಹೇಳಿ ಆಟ ಮುಂದುವರಿಸುತ್ತಾರೆ. ಗ್ಯಾಲರಿಯಿಂದ ಅಪ್ಪ ಅಮ್ಮ ಕೂಗುವ ಕೌಂಟ್‌ಗೆ ಬೆಲೆ ಇಲ್ಲ.

ಸ್ಕೋರ್‌ಬೋರ್ಡಿಗೂ ಬೆಲೆ ಇಲ್ಲ. 2011ರ ಜುಲೈ 2ರಂದು ಸಿಯಾಟಲ್‌ನಲ್ಲಿ ಏನಾಯಿತು ನೋಡಿ. ಅದು ಬೇಸ್‌ಬಾಲ್, ಆದರೆ ಸಮಸ್ಯೆ ಇದೇ. ಸ್ಯಾನ್ ಡಿಯಾಗೊ ಪ್ಯಾಡ್ರೆಸ್‌ನ ಕ್ಯಾಮರನ್ ಮೇಬಿನ್‌ಗೆ ಬೋರ್ಡ್ ಒಂದು ಬಾಲ್ ಜಾಸ್ತಿ ತೋರಿಸುತ್ತಿತ್ತು. ಮೂರೇ ಬಾಲ್‌ಗೆ ಅವರು ಮೊದಲ ಬೇಸಿಗೆ ನಡೆದರು. ಎದುರು ತಂಡ ಮ್ಯಾರಿನರ್ಸ್ ಸಮಯಕ್ಕೆ ಸರಿಯಾಗಿ ಕೇಳಲಿಲ್ಲ. ಮೇಬಿನ್ ರನ್ ಗಳಿಸಿದರು, ಆ ಪಂದ್ಯದಲ್ಲಿ ಬಂದದ್ದು ಅದೊಂದೇ ರನ್. ಪ್ಯಾಡ್ರೆಸ್ 1-0ರಿಂದ ಗೆದ್ದರು.

ಈಗ ನಿಜವಾದ ಅಪಾಯಕ್ಕೆ ಬರೋಣ. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಕೌಂಟ್ ತಿದ್ದಿಸಿಕೊಳ್ಳಲು ನಿಮಗಿರುವ ಸಮಯ ತೀರಾ ಕಡಿಮೆ. ಅಂಪೈರ್ ನಿಯಮವನ್ನೇ ತಪ್ಪಾಗಿ ಬಳಸಿದ್ದಾರೆ ಅಂತ ಪ್ರೊಟೆಸ್ಟ್ (ಅಧಿಕೃತ ಆಕ್ಷೇಪ) ಮಾಡುವುದಾದರೆ, ಇಲ್ಲಿನ ಆಡಳಿತ ಸಂಸ್ಥೆ ಯುಎಸ್‌ಎ ಸಾಫ್ಟ್‌ಬಾಲ್‌ನ ನಿಯಮದಂತೆ ಅದನ್ನು ಮುಂದಿನ ಎಸೆತಕ್ಕೆ ಮೊದಲು ಹೇಳಬೇಕು. ಇನಿಂಗ್ಸಿನ ಕೊನೆಯ ಆಟವಾದರೆ ಇನ್‌ಫೀಲ್ಡರ್‌ಗಳು ಜಾಗ ಬಿಟ್ಟು ಹೊರಡುವ ಮೊದಲು. ಪಂದ್ಯದ ಕೊನೆಯ ಆಟವಾದರೆ ಅಂಪೈರ್‌ಗಳು ಮೈದಾನ ಬಿಡುವ ಮೊದಲು. ಪಿಚರ್ ಕೈಯಿಂದ ಮುಂದಿನ ಚೆಂಡು ಹೊರಟಿತೋ, ನಿಮ್ಮ ಹಕ್ಕೂ ಹೊರಟಿತು.

ನನಗೆ ಗೊತ್ತಿರುವ ಒಬ್ಬರು ಆಫೀಸ್ ತಂಡದ ಕ್ಯಾಪ್ಟನ್. ಎದುರು ತಂಡದ ಬ್ಯಾಟರ್ ಮೂರೇ ಬಾಲ್‌ಗೆ ವಾಕ್ ಪಡೆದದ್ದು ಸ್ಕೋರರ್ ಆಗಿದ್ದ ಕ್ಯಾಪ್ಟನ್ ಹೆಂಡತಿಗೆ ಗೊತ್ತಾಯಿತು. ಅವರು ಡಗೌಟ್‌ನಿಂದ ಕೂಗಿದರು. ಕ್ಯಾಪ್ಟನ್ ಮಾತ್ರ 'ಇನಿಂಗ್ಸ್ ಮುಗಿಯಲಿ, ಮರ್ಯಾದೆಯಿಂದ ಮಾತಾಡೋಣ' ಅಂದರು. ಮುಂದಿನ ಎಸೆತವೇ ಹೋಮ್‌ರನ್. ಪಂದ್ಯ ಹೋಯಿತು. ಮಾರನೇ ದಿನ ಸ್ಕೋರ್ ಬುಕ್ ಪ್ರತಿ ಇಟ್ಟು, ಪ್ರೊಟೆಸ್ಟ್ ಫೀ ಕಟ್ಟಿ, ಉದ್ದದ ಪತ್ರ ಬರೆದರು. ಗೆದ್ದರೆ ಆ ಫೀ ವಾಪಸ್, ಸೋತರೆ ಹೋಯಿತು ಅಂತ ಲೀಗಿನ ನಿಯಮ. ಲೀಗ್ ಪತ್ರದಲ್ಲಿದ್ದ ಲೆಕ್ಕ ಸರಿಯೋ ತಪ್ಪೋ ಅಂತ ನೋಡಲೇ ಇಲ್ಲ. ಸಮಯ ಮೀರಿದೆ ಅಂತ ಒಂದೇ ಸಾಲಿನ ಉತ್ತರ. ಹಣವೂ ಹೋಯಿತು, ಪತ್ರಕ್ಕೆ ಕೂತ ಒಂದಿಡೀ ಸಂಜೆಯೂ ಹೋಯಿತು.

ಇಲ್ಲಿ ಮರ್ಯಾದೆ ಅಂದರೆ ಕಾಯುವುದಲ್ಲ. ಕ್ಯಾಪ್ಟನ್ ಅಥವಾ ಕೋಚ್ ಒಬ್ಬರೇ ಟೈಮ್ ಕೇಳಿ, ಅಂಪೈರ್ ಹತ್ತಿರ ನಡೆದು ಹೋಗಿ, 'ಕೌಂಟ್ ಒಮ್ಮೆ ಸ್ಕೋರ್ ಬುಕ್ ಜೊತೆ ನೋಡ್ತೀರಾ?' ಅಂತ ಮೆಲ್ಲಗೆ ಕೇಳಬೇಕು. ಇಡೀ ತಂಡ ಮುತ್ತಿಗೆ ಹಾಕಬಾರದು. ನೀವೇ ಬ್ಯಾಟರ್ ಆಗಿದ್ದರೆ ಪ್ರತಿ ಎಸೆತದ ನಂತರ ಕೌಂಟ್ ಎಷ್ಟು ಅಂತ ಕೇಳಬಹುದು. ಯಾವ ಅಂಪೈರ್‌ಗೂ ಅದರಿಂದ ಬೇಜಾರಿಲ್ಲ, ಅವರಿಗೇ ಅನುಕೂಲ.

ಫಾಸ್ಟ್‌ಪಿಚ್ ಆಡುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಎಚ್ಚರಿಕೆ. ಸ್ಲೋಪಿಚ್‌ನಲ್ಲಿ ವಾಕ್ ಆದಾಗ ಚೆಂಡು ಡೆಡ್, ಅಂದರೆ ಆಟ ನಿಂತಂತೆ. ಫಾಸ್ಟ್‌ಪಿಚ್‌ನಲ್ಲಿ ವಾಕ್ ಆದರೂ ಚೆಂಡು ಲೈವ್, ಆಟ ನಡೆಯುತ್ತಲೇ ಇರುತ್ತದೆ. ಮಗು ಮೊದಲ ಬೇಸ್ ಮೇಲಿದೆ, ಬ್ಯಾಟರ್‌ಗೆ ನಾಲ್ಕನೇ ಬಾಲ್ ಆಯಿತು, ತಾನು ಜಾಗ ಬಿಟ್ಟುಕೊಡಬೇಕು ಅಂದುಕೊಂಡು ಎರಡನೇ ಬೇಸಿನ ಕಡೆ ನಿಧಾನವಾಗಿ ನಡೆಯುತ್ತದೆ. ಆಗಿರುವುದು ಮೂರನೆಯದು. ಕ್ಯಾಚರ್ ಚೆಂಡು ಎಸೆಯುತ್ತಾಳೆ, ಟ್ಯಾಗ್ (ಚೆಂಡು ಹಿಡಿದು ಮುಟ್ಟುವುದು), ಔಟ್. ಅಂಪೈರ್ ತಾವೇ ತಪ್ಪಾಗಿ ನಾಲ್ಕನೇ ಬಾಲ್ ಅಂತ ಹೇಳಿದ್ದರೆ, ಅದರಿಂದ ಆದ ತೊಂದರೆಯನ್ನು ಸರಿಪಡಿಸುವ ಅಧಿಕಾರ ಅವರಿಗಿದೆ. ಮಗುವನ್ನು ವಾಪಸ್ ಬೇಸಿಗೆ ಕಳಿಸಬಹುದು. ಆದರೆ ಅವರು ಏನೂ ಹೇಳದೆ, ಮಗು ಬೋರ್ಡ್ ನೋಡಿಯೋ ಕೋಚ್ ಕೂಗಿದ್ದು ಕೇಳಿಯೋ ನಡೆದಿದ್ದರೆ ಆ ಔಟ್ ಹಾಗೇ ನಿಲ್ಲುತ್ತದೆ. ನಾಲ್ಕನೇ ಬಾಲ್ ಅನ್ನುವುದು ಅಂಪೈರ್ ಬಾಯಿಂದ ಬರುವ ತನಕ ಬೇಸ್ ಬಿಡಬೇಡ ಅಂತ ಮನೆಯಲ್ಲೇ ಹೇಳಿಕೊಡಿ.

ನಿಮ್ಮ ತಂಡಕ್ಕೆ ಸ್ಕೋರ್ ಬರೆಯಲು ಯಾರೂ ಇಲ್ಲದಿದ್ದರೆ ನೀವೇ ಮುಂದೆ ಬನ್ನಿ. ಸ್ಕೋರ್ ಹಾಳೆಯಲ್ಲಿ ಪ್ರತಿ ಬ್ಯಾಟರ್ ಚೌಕದೊಳಗೆ ಬಾಲ್‌ಗೆ, ಸ್ಟ್ರೈಕ್‌ಗೆ ಅಂತ ಪುಟ್ಟ ಚೌಕಗಳಿರುತ್ತವೆ. ಹೆಚ್ಚಿನವರು ಅದನ್ನು ಖಾಲಿ ಬಿಟ್ಟು ರನ್ ಮಾತ್ರ ಬರೆಯುತ್ತಾರೆ. ಪ್ರತಿ ಎಸೆತಕ್ಕೂ ಗುರುತು ಹಾಕಿ. ಪಂದ್ಯ ಶುರುವಾಗುವ ಮೊದಲೇ ಎದುರು ತಂಡದ ಸ್ಕೋರರ್ ಪರಿಚಯ ಮಾಡಿಕೊಳ್ಳಿ, ಇನಿಂಗ್ಸ್ ಮುಗಿದಾಗಲೆಲ್ಲ ಎರಡೂ ಪುಸ್ತಕ ಹೋಲಿಸಿ ನೋಡಿ.