ಇರುವೆ ಗೂಡನ್ನು ಊರಿಗೆ ಹೋಲಿಸಲು ಮಕ್ಕಳಿಗೆ ಕಲಿಸುವಾಗ

ಇರುವೆಗಳ ಬದುಕನ್ನು ನಮ್ಮ ಊರಿನ ಬದುಕಿನೊಂದಿಗೆ ಹೋಲಿಸಲು ಮಕ್ಕಳಿಗೆ ಕಲಿಸುವವರು, ಹೋಲಿಕೆಯನ್ನು ಮೊದಲೇ ಬಾಯಲ್ಲಿ ಹೇಳಿಬಿಡದೆ, ಸಿಮೆಂಟ್ ಜಗಲಿಯ ಮೇಲೆ ಚಿಟಿಕೆ ಬೆಲ್ಲದ ಪುಡಿಯಿಟ್ಟು ಸಾಲು ಕಟ್ಟುವವರೆಗೆ ಕಾಯುವುದು ಒಳ್ಳೆಯದು. ಸಾಲಿನ ನಡುವೆ ಬೆರಳಗಲದಷ್ಟು ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ, ಬರುವ ಇರುವೆಗಳು ಅಲ್ಲಿಯೇ ತಡವರಿಸಿ, ಮೀಸೆಯಾಡಿಸುತ್ತ ಅತ್ತಿತ್ತ ಹುಡುಕತೊಡಗುತ್ತವೆ. ಅವುಗಳಿಗೆ ದಾರಿ ತೋರುವುದು ನೆಲಕ್ಕೆ ಹಚ್ಚಿದ ವಾಸನೆ ಎಂಬುದು ಆಗ ಹೇಳದೆಯೇ ತಿಳಿಯುತ್ತದೆ.

ಅನಂತರ ಊರಿನ ಮಾತು ತೆಗೆಯಬಹುದು. ನಮ್ಮ ಕೋಲಾರದ ಕಡೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚಲು ನೀರುಗಂಟಿ ಇರುತ್ತಿದ್ದಂತೆ, ಗೂಡಿನಲ್ಲಿ ಕೆಲಸ ಹಂಚುವವರು ಯಾರು ಎಂದು ಕೇಳಿದರೆ ಮಕ್ಕಳು ‘ರಾಣಿ’ ಎನ್ನುತ್ತಾರೆ. ಈ ಉತ್ತರವನ್ನು ತಿದ್ದಲೇಬೇಕು. ರಾಣಿ ಮೊಟ್ಟೆಯಿಡುತ್ತಾಳೆಯೇ ಹೊರತು ಯಾರಿಗೂ ಅಪ್ಪಣೆ ಕೊಡುವುದಿಲ್ಲ. ಎದುರಾದ ಇರುವೆಗಳನ್ನು ಮೂಸಿ, ಕಂಡ ಕೆಲಸಕ್ಕೆ ಪ್ರತಿಯೊಂದೂ ತಾನಾಗಿ ಕೈಹಾಕುತ್ತದೆ. ದುಡಿಯುವ ಇರುವೆಗಳೆಲ್ಲ ಹೆಣ್ಣುಗಳೇ ಎಂದಾಗ ಹುಡುಗಿಯರ ಮುಖ ಅರಳುವುದನ್ನು ನೋಡಬೇಕು.

ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ, ತಮ್ಮದೇ ಮರಿಹುಳುಗಳ ರೇಷ್ಮೆಯಿಂದ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಜಿಗಗಳನ್ನು ಮಾತ್ರ ದೂರದಿಂದಲೇ ತೋರಿಸಿ. ಒಂದು ಕಚ್ಚಿದರೆ ಪಾಠ ಅಲ್ಲಿಗೇ ಮುಗಿಯುತ್ತದೆ.