ಮೊದಲು ಕಳೆ ಹುಟ್ಟಲಿ, ಆಮೇಲೆ ಬೆಂಡೆ

ನಾಲ್ಕು ವರ್ಷದ ಹಿಂದೆ ಉಡುಪಿ ಹತ್ತಿರದ ಹಿರಿಯಡ್ಕದ ನಮ್ಮ ಹಿತ್ತಲಲ್ಲಿ ಮೊದಲ ಸಲ ತರಕಾರಿ ಮಾಡಿದೆ. ಆ ಮಳೆಗಾಲ ಬೆಂಡೆ ಸಿಕ್ಕಿದ್ದು ನಾಲ್ಕು ಸಾಂಬಾರಿಗೆ. ಹುಲ್ಲು ಮಾತ್ರ ಪಕ್ಕದ ಮನೆಯ ಎರಡು ದನಕ್ಕೆ ಸಾಕಾಗುವಷ್ಟು.

ತಪ್ಪು ನನ್ನದೇ. ಪವರ್ ಟಿಲ್ಲರ್ ತರಿಸಿ ಜಾಗವನ್ನೆಲ್ಲ ಎರಡು ಸಲ ಉಳುಮೆ ಮಾಡಿಸಿದೆ. ಕೆಂಪು ಮಣ್ಣು ಹಿಟ್ಟಿನ ಹಾಗೆ ಆಗಿ ಎಷ್ಟು ಚಂದ ಕಾಣಿಸಿತೆಂದರೆ, ಫೋಟೋ ತೆಗೆದು ಮನೆಯವರ ಗ್ರೂಪಿಗೂ ಹಾಕಿದ್ದೆ. ಸಾಲದ್ದಕ್ಕೆ ಸರಿಯಾಗಿ ಕಳಿಯದ ಹಟ್ಟಿ ಗೊಬ್ಬರ ಒಂದು ಪಿಕಪ್ ತಂದು ಹರಡಿದೆ. ದನ ತಿಂದ ಹುಲ್ಲಿನ ಬೀಜ ಎಷ್ಟೋ ಅದರ ಹೊಟ್ಟೆ ದಾಟಿ ಜೀವಂತವಾಗಿಯೇ ಹೊರಗೆ ಬರುತ್ತದೆ. ಗೊಬ್ಬರ ಚೆನ್ನಾಗಿ ಬಿಸಿಯಾಗಿ ಕಳಿತರೆ ಮಾತ್ರ ಸಾಯುತ್ತದೆ. ನಾನು ಹರಡಿದ್ದು ಗೊಬ್ಬರವಲ್ಲ, ಸುಮ್ನೆ ಬಿತ್ತನೆ.

ಟಿಲ್ಲರ್ ಮಾಡಿದ್ದು ಇನ್ನೊಂದು ಕೆಲಸ. ನಮ್ಮ ಹಿತ್ತಲಲ್ಲಿ ಜೇಕು ಎಂಬ ಕಳೆ ಉಂಟು, ಕೊನ್ನಾರಿ ಗೆಡ್ಡೆ ಅಂತಲೂ ಹೇಳುತ್ತಾರೆ. ಇದನ್ನು ಒಂದು ಸಲ ನಿಧಾನವಾಗಿ ಅಗೆದು ನೋಡಬೇಕು. ಮೇಲೆ ನಾಲ್ಕು ಎಲೆ, ಕೆಳಗೆ ಕಡಲೆ ಗಾತ್ರದ ಕಪ್ಪು ಗೆಡ್ಡೆ. ಅದರಿಂದ ತಂತಿಯಂಥ ಬೇರು ಹೊರಟು ಇನ್ನೊಂದು ಗೆಡ್ಡೆ, ಅಲ್ಲಿಂದ ಮತ್ತೊಂದು. ಜಪಮಾಲೆಯ ಹಾಗೆ. ಮಾಲೆ ಇಡಿಯಾಗಿದ್ದಾಗ ಹೆಚ್ಚಿನ ಗೆಡ್ಡೆಗಳು ಮಲಗಿರುತ್ತವೆ. ಬೇರು ತುಂಡಾಯಿತೋ, ಒಂದೊಂದೂ ಎದ್ದು ತನ್ನದೇ ಚಿಗುರು ಬಿಡುತ್ತದೆ. ಟಿಲ್ಲರ್ ಅದನ್ನು ನೂರು ತುಂಡು ಮಾಡಿ ಇಡೀ ಜಾಗಕ್ಕೆ ಹಂಚಿ ಹೋಯಿತು. ದುಡ್ಡು ಕೊಟ್ಟವನು ನಾನೇ!

ಮುಂದಿನ ವರ್ಷ ತುಳುನಾಡಿನ ಭೂಮಿ ಹಬ್ಬ ಕೆಡ್ಡಸ ಮುಗಿಯುವವರೆಗೆ ಕಾದೆ. ಫೆಬ್ರವರಿಯ ಆ ಮೂರು ದಿನ ಭೂಮಿಗೆ ಹಾರೆ ತಾಗಿಸಲು ಅಮ್ಮ ಬಿಡುವುದಿಲ್ಲ. ಆಮೇಲೆ ಬಲ್ಲೆ, ಪೊದೆಯನ್ನೆಲ್ಲ ಕತ್ತಿಯಲ್ಲಿ ಕಡಿದೆ. ನಾಚಿಕೆ ಮುಳ್ಳಿನ ಬುಡ ಪಿಕ್ಕಾಸಿನಲ್ಲಿ ಎಬ್ಬಿಸಿದೆ. ಜೇಕು ಇದ್ದಲ್ಲಿ ಮಾತ್ರ ಕೂತು, ಒಂದು ಗೇಣು ಆಳದವರೆಗೆ ಮಣ್ಣು ಬಿಡಿಸಿ, ಮಾಲೆ ತುಂಡಾಗದ ಹಾಗೆ ಎಳೆದೆ. ಒಂದು ಮಡಿಗೆ ಮೂರು ಸಂಜೆ ಹೋಯಿತು. ಬೆನ್ನಿನ ವಿಷಯ ಕೇಳಬೇಡಿ.

ಮಾರ್ಚ್ ಕೊನೆಗೆ ಐದು ಮಡಿ ಏರಿಸಿದೆ. ನಾಲ್ಕು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಕಳಿತ ಗೊಬ್ಬರ ಬೆರೆಸುವುದು, ಹೆಂಟೆ ಒಡೆಯುವುದು, ಮೇಲ್ಮೈ ಸಮ ಮಾಡುವುದು ಎಲ್ಲ ಆಗಲೇ ಮುಗಿಸಿದೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಆಮೇಲೆ ಪಂಪು ಹಾಕಿ ಚೆನ್ನಾಗಿ ನೀರು ಬಿಟ್ಟು, ಮಣ್ಣು ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಹೊದೆಸಿದೆ, ಬಿಸಿಲಿಗೆ ಮಣ್ಣು ಕಾದು ಕಳೆ ಬೀಜ ಸಾಯಲಿ ಅಂತ. ಹೊಸತು ತರಲಿಲ್ಲ, ಅಡಿಕೆ ಒಣಗಿಸುವ ಗೂಡಿನ ಹಳೆ ಪಾರದರ್ಶಕ ಶೀಟು ಇತ್ತು. ಇದಕ್ಕಿಂತ ತೆಳು ಶೀಟು ಮಣ್ಣನ್ನು ಇನ್ನೂ ಚೆನ್ನಾಗಿ ಕಾಯಿಸುತ್ತದೆ, ಆದರೆ ನಮ್ಮ ನಾಯಿ ಅದನ್ನು ಒಂದು ವಾರ ಬಿಡುತ್ತಿರಲಿಲ್ಲ. ಅಂಚನ್ನು ಸುತ್ತ ಮಣ್ಣಿನಲ್ಲಿ ಹೂತುಬಿಟ್ಟೆ. ಗಾಳಿ ನುಗ್ಗಿದರೆ ಬಿಸಿ ನಿಲ್ಲುವುದಿಲ್ಲ.

ಕಪ್ಪು ಶೀಟು ಹಾಕಬಹುದಲ್ವಾ ಎಂದು ಕೇಳುವವರು ಜಾಸ್ತಿ. ಕಪ್ಪು ಶೀಟು ಬಿಸಿಲನ್ನು ತಾನೇ ಹೀರಿಕೊಳ್ಳುತ್ತದೆ, ಕೆಳಗಿನ ಮಣ್ಣು ಅಷ್ಟು ಕಾಯುವುದಿಲ್ಲ. ಪಾರದರ್ಶಕವಾದರೆ ಬಿಸಿಲು ಒಳಗೆ ಹೋಗಿ ಮಣ್ಣಿಗೇ ಬೀಳುತ್ತದೆ, ಬಿಸಿ ಹೊರಗೆ ಬರುವುದಿಲ್ಲ. ಒಂದು ಮಡಿಗೆ ಶೀಟು ಸಾಲದೆ ಕಪ್ಪನ್ನೇ ಹಾಕಿ ನೋಡಿದೆ. ಹದಿನೈದು ದಿನದಲ್ಲಿ ಜೇಕು ಸೂಜಿಯ ಹಾಗೆ ಅದನ್ನು ಚುಚ್ಚಿ ಮೇಲೆ ನಿಂತಿತ್ತು. ಪಾರದರ್ಶಕ ಶೀಟಿನ ಅಡಿಯಲ್ಲಿ ಬೆಳಕು ಕಂಡ ಕೂಡಲೇ ಎಲೆ ಬಿಚ್ಚಿಕೊಂಡು, ಮೊನೆ ಹೋಗಿ, ಅಲ್ಲೇ ಬೆಂದಿತ್ತು.

ಶೀಟು ಐದು ವಾರ ಇತ್ತು. ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಅಂಚು ಎತ್ತಿ ಬೆರಳು ತುರುಕಿದೆ. ಸ್ನಾನದ ಹಂಡೆಯ ನೀರಿಗೆ ಕೈ ಹಾಕಿದ ಹಾಗೆ ಆಯಿತು. ಬಿಸಿಲು ಗಟ್ಟಿಯಿದ್ದರೆ ಮೇಲಿನ ಎರಡು ಇಂಚು ಮಣ್ಣು 50 ಡಿಗ್ರಿ ಹತ್ತಿರ ಹೋಗುತ್ತದೆ. ಕೆಳಗೆ ಹೋದ ಹಾಗೆ ಬಿಸಿ ಕಡಿಮೆ. ನೀರು ಹೀರಿದ ಬೀಜ ಒಣ ಬೀಜಕ್ಕಿಂತ ಬೇಗ ಸಾಯುತ್ತದೆ, ನೀರು ಬಿಟ್ಟದ್ದು ಅದಕ್ಕೇ. ಶೀಟು ಹೊದೆಸಿ ಮಣ್ಣು ಕಾಯಿಸುವ ಈ ಕ್ರಮವನ್ನು 1976ರಲ್ಲಿ ಇಸ್ರೇಲಿನ ವಿಜ್ಞಾನಿ ಯಾಕೋವ್ ಕಟಾನ್ ಮತ್ತು ಜೊತೆಯವರು ಮಣ್ಣಿನ ರೋಗಕ್ಕೆ ಮದ್ದಾಗಿ ಬರೆದು ಪ್ರಕಟಿಸಿದ್ದರು. ಮಣ್ಣನ್ನು ಕಾಯಿಸುವುದು ನಮಗೇನೂ ಹೊಸತಲ್ಲ. ಅಜ್ಜನ ಕಾಲದಲ್ಲಿ ಸುಡುಮಣ್ಣು ಮಾಡುತ್ತಿದ್ದರು. ತರಗೆಲೆ, ಕಡ್ಡಿ, ಒಣ ಸೆಗಣಿಯ ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟರೆ ಎರಡು ಮೂರು ದಿನ ಹೊಗೆಯಾಡುತ್ತಾ ಬೇಯುತ್ತದೆ. ಆ ಮಣ್ಣಲ್ಲಿ ಕಳೆ ಬೀಜ ಉಳಿಯುವುದಿಲ್ಲ. ಸೌತೆ, ಹೀರೆಯ ಗುಂಡಿಗೆ ನಾನು ಈಗಲೂ ಅದನ್ನೇ ಹಾಕುತ್ತೇನೆ. ಇಡೀ ಮಡಿಗೆ ಬೇಡ, ಮಣ್ಣಿನ ಸಾರವೂ ಸುಟ್ಟು ಹೋಗುತ್ತದೆ.

ಶೀಟು ತೆಗೆದ ದಿನ ಕೈ ಕಟ್ಟಿಕೊಂಡು ನಿಲ್ಲುವುದೇ ಕಷ್ಟ. ಮಣ್ಣು ಮೆತ್ತಗೆ ಕಾಣುತ್ತದೆ, ಒಂದು ಸಲ ಅಗೆದು ಬಿಡೋಣ ಅನಿಸುತ್ತದೆ. ಅಗೆಯಬಾರದು. ಸತ್ತದ್ದು ಮೇಲಿನ ಬೀಜ, ಕೆಳಗಿನದು ಬೆಳಕು ಕಾಣಲು ಕಾಯುತ್ತಾ ಕೂತಿರುತ್ತದೆ. ಗೊಬ್ಬರ, ಹೆಂಟೆ ಎಲ್ಲ ಮೊದಲೇ ಮುಗಿಸಿದ್ದು ಇದೇ ಕಾರಣಕ್ಕೆ.

ಅಗೆಯುವ ಬದಲು ಏನೂ ನೆಡದೆ ಮಡಿಗೆ ನೀರು ಕೊಟ್ಟೆ. ಅಮ್ಮ ನೋಡಿ, "ಹುಲ್ಲಿಗೆ ನೀರು ಬಿಡುವವನನ್ನು ಇವತ್ತೇ ನೋಡಿದ್ದು" ಅಂದರು. ಉಳಿದ ಬೀಜ ಹುಟ್ಟಲಿ ಅಂತಲೇ ಬಿಟ್ಟದ್ದು. ಹತ್ತು ಹನ್ನೆರಡು ದಿನದಲ್ಲಿ ಹಸಿರು ನೂಲು ಎದ್ದಿತು. ಎರಡೆಲೆ ಬರುವ ಮೊದಲೇ, ಬಿಸಿಲು ಚೆನ್ನಾಗಿದ್ದ ಬೆಳಿಗ್ಗೆ, ಹಾರೆಯ ಬಾಯಿಯನ್ನು ಮಲಗಿಸಿ ಅರ್ಧ ಇಂಚು ಮಾತ್ರ ಕೆರೆದೆ. ಮಧ್ಯಾಹ್ನದೊಳಗೆ ಬಾಡಿತು. ಎರಡನೇ ಸರದಿಯ ನೀರನ್ನು ಮೇ ತಿಂಗಳ ಮಳೆಯೇ ಕೊಟ್ಟಿತು. ಆ ಸಲ ಹುಟ್ಟಿದ್ದು ಅರ್ಧಕ್ಕಿಂತ ಕಡಿಮೆ, ಅದನ್ನೂ ಕೆರೆದೆ. ಮೋಡ ಇದ್ದ ದಿನ ಕೆರೆದರೆ ಅರ್ಧ ಮತ್ತೆ ಬೇರು ಹಿಡಿಯುತ್ತದೆ, ನನಗೆ ಒಂದು ಮಡಿಯಲ್ಲಿ ಹಾಗೇ ಆಯಿತು.

ಮೇ ಕೊನೆಯ ವಾರದ ಪತ್ತನಾಜೆ ಕಳೆದು ಬೆಂಡೆ, ಅಲಸಂಡೆ ಹಾಕಿದೆ. ಬೀಜದ ಗುಂಡಿ ಬಿಟ್ಟು ಬೇರೆಲ್ಲೂ ಮಣ್ಣು ಕದಲಿಸಲಿಲ್ಲ. ಗಿಡ ಒಂದು ಗೇಣು ಬಂದ ಮೇಲೆ ಗೇರು, ಹಲಸಿನ ತರಗೆಲೆ ನಾಲ್ಕು ಬೆರಳು ದಪ್ಪ ಹೊದೆಸಿದೆ. ಜಡಿಮಳೆಗೆ ಮಣ್ಣು ಸಿಡಿಯುವುದೂ ನಿಂತಿತು. ರಟ್ಟು ಹಾಸುವುದನ್ನೂ ಮಾಡಿ ನೋಡಿದ್ದೇನೆ. ಮಳೆಗಾಲಕ್ಕೆ ಅಡ್ಡಿಯಿಲ್ಲ, ಆದರೆ ಅಕ್ಟೋಬರಿನಲ್ಲಿ ಗೆದ್ದಲು ಬಂದು ತಿಂದು ಹಾಕಿತು. ಹರಿವೆಗೆ ಮಾತ್ರ ಹೊದಿಕೆ ಹಾಕಬೇಡಿ. ಅಷ್ಟು ಸಣ್ಣ ಬೀಜ, ಕಳೆಯ ಜೊತೆ ಅದೂ ಅಡಿಯಲ್ಲೇ ಸಾಯುತ್ತದೆ. ಹರಿವೆಯ ಮಡಿಗೆ ಕೆರೆಯುವ ಸರದಿ ಮೂರು ಮಾಡುತ್ತೇನೆ. ಇಲ್ಲದಿದ್ದರೆ ಮುಳ್ಳು ಹರಿವೆ ಅದರ ಜೊತೆಗೇ ಹುಟ್ಟುತ್ತದೆ, ಸಣ್ಣದಿರುವಾಗ ಯಾವುದು ಯಾವುದೆಂದು ಗೊತ್ತಾಗುವುದೇ ಇಲ್ಲ.

ಮೊದಲ ವರ್ಷ ವಾರ ವಾರ ಕೂತು ಕೀಳುತ್ತಿದ್ದೆ. ಶೀಟು ಹಾಕಿದ ವರ್ಷ ಜೂನಿನಿಂದ ಚೌತಿಯವರೆಗೆ ಎರಡು ಸಲ, ಅದೂ ನಿಂತುಕೊಂಡೇ ಮುಗಿಯಿತು. ಜೇಕು ಪೂರ್ತಿ ಹೋಗಿದೆ ಎಂದರೆ ಸುಳ್ಳು. ಬಾವಿಕಟ್ಟೆಯ ಹತ್ತಿರದ ಮಡಿಯಲ್ಲಿ ಶೀಟಿನ ಬಿಸಿ ತಾಗದ ಆಳದಿಂದ ಈಗಲೂ ಬರುತ್ತದೆ. ಅಲ್ಲಿ ಈ ವರ್ಷವೂ ಏನೂ ನೆಟ್ಟಿಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತಾ ಹೋಗಿ, ಕಂಡ ನಾಲ್ಕನ್ನು ಕಿತ್ತು ಕಲ್ಲಿನ ಮೇಲೆ ಬಿಸಿಲಿಗೆ ಹಾಕಿ ಬರುತ್ತೇನೆ.